ಕಂಡರೆ ಸಾಲದು, ಗುರುತಿಸಬೇಕು: ರಾಡಾರ್ ಚಿತ್ರ ಮತ್ತು ನರಜಾಲದ ಕಥೆ

1941ನೆಯ ಇಸವಿ ಡಿಸೆಂಬರ್ 7, ಭಾನುವಾರ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಓಪಾನಾ ಎಂಬಲ್ಲಿ ಜೋಸೆಫ್ ಲಾಕರ್ಡ್ ಮತ್ತು ಜಾರ್ಜ್ ಎಲಿಯಟ್ ಎಂಬ ಇಬ್ಬರು ಅಮೆರಿಕನ್ ಸಿಪಾಯಿಗಳು ರಾಡಾರ್ ಯಂತ್ರದ ಮುಂದೆ ಕುಳಿತಿದ್ದರು. ಬೆಳಿಗ್ಗೆ 7 ಗಂಟೆಗೆ ಅವರ ಪಾಳಿ ಮುಗಿದಿತ್ತು. ಆದರೂ ಎಲಿಯಟ್ಟನಿಗೆ ಅಭ್ಯಾಸವಾಗಲೆಂದು ಯಂತ್ರವನ್ನು ನಿಲ್ಲಿಸಿರಲಿಲ್ಲ. 7 ಗಂಟೆ 2 ನಿಮಿಷಕ್ಕೆ ತೆರೆಯ ಮೇಲೆ ಅವರು ಎಂದೂ ಕಂಡಿರದಷ್ಟು ದೊಡ್ಡ ಗುರುತು ಮೂಡಿತು. ದೂರ ಸುಮಾರು 130 ಮೈಲಿ. ಕೂಡಲೇ ಫೋನು ಮಾಡಿದರು. ಆ ಕಡೆಯಿದ್ದ ಅಧಿಕಾರಿ, ಅಂದು ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ತಮ್ಮವೇ ವಿಮಾನಗಳಿರಬೇಕೆಂದು ಬಗೆದು, ಚಿಂತೆ ಬೇಡವೆಂದರು. ಎಂಟು ಗಂಟೆಯೊಳಗೆ ಜಪಾನೀ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಎರಗಿದವು. 2,400ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಯಂತ್ರ ತನ್ನ ಕೆಲಸ ಮಾಡಿತ್ತು. ಆದರೆ ಕಂಡದ್ದು ಏನೆಂದು ಗುರುತಿಸುವ ಕೆಲಸ ಆಗಲಿಲ್ಲ. ನನ್ನಂತಹ ಕಚೇರಿಯ ಗುಮಾಸ್ತನಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ಬಂದ ಕಾಗದಕ್ಕೆ ಡೈರಿ ನಂಬರು ಬಿದ್ದ ಮಾತ್ರಕ್ಕೆ ಯಾರೋ ಅದನ್ನು ಓದಿದರೆಂದು ಅರ್ಥವಲ್ಲವಷ್ಟೆ! ರಾಡಾರಿನ ಮುಂದಿನ ಇತಿಹಾಸವೆಲ್ಲ ಈ ಎರಡರ ನಡುವಿನ ಅಂತರವನ್ನು ತುಂಬುವ ಪ್ರಯತ್ನವೇ ಆಗಿದೆ.

ಆ ಕಾಲದ ರಾಡಾರ್ ತೋರಿಸುತ್ತಿದ್ದುದು ಬರಿಯ ಗುರುತನ್ನು; ಚಿತ್ರವನ್ನಲ್ಲ. ಸ್ಪಷ್ಟ ಚಿತ್ರ ಬೇಕಾದರೆ ಬಹು ದೊಡ್ಡ ಆಂಟೆನಾ ಬೇಕು. ಅಷ್ಟು ದೊಡ್ಡದನ್ನು ವಿಮಾನ ಹೊರಲಾರದು. 1951ರಲ್ಲಿ ಅಮೆರಿಕದ ಕಾರ್ಲ್ ವೈಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಚಿಕ್ಕ ಆಂಟೆನಾ ಮುಂದೆ ಸಾಗುತ್ತ ಪಡೆದ ಪ್ರತಿಧ್ವನಿಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರೆ, ಅದು ಸಾಗಿದ ದಾರಿಯೇ ಒಂದು ದೊಡ್ಡ ಆಂಟೆನಾದಂತೆ ಕೆಲಸ ಮಾಡುತ್ತದೆ. 1978ರ ಜೂನಿನಲ್ಲಿ ಈ ವಿಧಾನದ ರಾಡಾರನ್ನು ಹೊತ್ತು ಸೀಸ್ಯಾಟ್ ಉಪಗ್ರಹ ಮೇಲೇರಿತು. ಸುಮಾರು ನೂರು ದಿನಗಳಲ್ಲೇ ಅದು ಕೆಟ್ಟುಹೋಯಿತಾದರೂ, ಇರುಳಲ್ಲೂ ಮೋಡದ ಮರೆಯಲ್ಲೂ ಸಮುದ್ರದ ಚಿತ್ರ ತೆಗೆಯಬಹುದೆಂದು ತೋರಿಸಿಕೊಟ್ಟಿತು.

ಇಂತಹ ಚಿತ್ರದಲ್ಲಿ ಶಾಂತವಾದ ನೀರು ಕಪ್ಪಗೆ ಕಾಣುತ್ತದೆ. ಓರೆಯಾಗಿ ಬಿದ್ದ ಅಲೆಗಳನ್ನು ಅದು ಕನ್ನಡಿಯಂತೆ ಆಚೆಗೆ ಚಿಮ್ಮಿಸಿಬಿಡುತ್ತದೆ. ಕಬ್ಬಿಣದ ಹಡಗಿನ ಮೂಲೆಗಳಾದರೋ ಅವನ್ನು ಬಂದ ಕಡೆಗೇ ತಿರುಗಿಸಿ ಬಿಳಿಯ ಚುಕ್ಕೆಯಾಗಿ ಹೊಳೆಯುತ್ತವೆ. ಸುತ್ತಲಿನದಕ್ಕಿಂತ ಇಂತಿಷ್ಟು ಹೆಚ್ಚು ಹೊಳೆದರೆ ಹಡಗು ಎಂಬುದೇ ಬಹುಕಾಲ ನಡೆದುಬಂದ ಲೆಕ್ಕ. ಆದರೆ ಅಬ್ಬರದ ತೆರೆಯೂ ಹೊಳೆಯುತ್ತದೆ. ಬಂಡೆಯೂ, ತೈಲಬಾವಿಯ ಕಟ್ಟೆಯೂ ಹೊಳೆಯುತ್ತವೆ. ಯಾವುದು ಯಾವುದೆಂದು ನೋಡಲು ಮನುಷ್ಯನ ಕಣ್ಣೇ ಬೇಕಾಗಿತ್ತು. ಚಿತ್ರಗಳು ಲಕ್ಷಗಟ್ಟಲೆಯಾದಾಗ ಆ ಕಣ್ಣು ಸೋಲದೆ ಇರುತ್ತದೆಯೇ?

ಇಲ್ಲಿ ನೆರವಿಗೆ ಬಂದದ್ದು ನರಜಾಲ. ಮಿದುಳಿನ ನರಕೋಶಗಳನ್ನು ಗಣಿತದ ರೂಪದಲ್ಲಿ ಮೊದಲು ವಿವರಿಸಿದವರು ಮೆಕಲಕ್ ಮತ್ತು ಪಿಟ್ಸ್, 1943ರಲ್ಲಿ. ನಿಯಮವನ್ನು ನಾವು ಹೇಳಿಕೊಡುವುದಿಲ್ಲ. ಇದು ಹಡಗು, ಇದು ಅಲೆ ಎಂದು ಸಾವಿರಾರು ಉದಾಹರಣೆಗಳನ್ನು ತೋರಿಸುತ್ತೇವೆ. ತಪ್ಪಿದಾಗಲೆಲ್ಲ ಜಾಲವು ತನ್ನ ಒಳಗಿನ ಅಂಕಿಗಳನ್ನು ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತದೆ. 2012ರ ನಂತರ ಬಲವಾದ ಕಂಪ್ಯೂಟರುಗಳ ದೆಸೆಯಿಂದ ಈ ವಿದ್ಯೆ ಎಲ್ಲೆಡೆ ಹಬ್ಬಿತು.

ಆದರೆ ಈ ವಿದ್ಯಾರ್ಥಿಯೂ ಉರುಹೊಡೆಯುತ್ತಾನೆ! 1990ರ ದಶಕದಲ್ಲಿ ಅಮೆರಿಕದವರು ಟ್ಯಾಂಕು ಮುಂತಾದ ಸೇನಾವಾಹನಗಳ ರಾಡಾರ್ ಚಿತ್ರಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಕಲಿತ ಯಂತ್ರಗಳು ಬಹು ಚೆನ್ನಾಗಿ ತೇರ್ಗಡೆಯಾದವು. ಮುಂದೆ ಕೆಲವರು ವಾಹನವನ್ನೇ ಮರೆಮಾಡಿ ಹಿನ್ನೆಲೆಯ ನೆಲವನ್ನಷ್ಟೇ ತೋರಿಸಿದರು. ಆಗಲೂ ಯಂತ್ರವು ಬರಿಯ ಊಹೆಗೆ ಸಿಗುವುದಕ್ಕಿಂತ ಹೆಚ್ಚು ಸರಿಯುತ್ತರಗಳನ್ನು ಕೊಟ್ಟಿತು. ಒಂದೊಂದು ಬಗೆಯ ವಾಹನವನ್ನು ಒಂದೊಂದು ಜಾಗದಲ್ಲಿ ನಿಲ್ಲಿಸಿ ಚಿತ್ರ ತೆಗೆದಿದ್ದರಿಂದ, ಜಾಗದ ಗುರುತೇ ವಾಹನದ ಗುರುತಾಗಿಬಿಟ್ಟಿತ್ತು.

ಹಾಗಿದ್ದೂ ಇದರ ಉಪಯೋಗ ಸಣ್ಣದಲ್ಲ. 2017ರಿಂದ 2021ರವರೆಗಿನ ಉಪಗ್ರಹ ಚಿತ್ರಗಳನ್ನು ನರಜಾಲದಿಂದ ಶೋಧಿಸಿದ ವಿಜ್ಞಾನಿಗಳು 2024ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಜಗತ್ತಿನ ದೊಡ್ಡ ಮೀನುಗಾರಿಕೆ ಹಡಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾರ್ವಜನಿಕ ನಿಗಾದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವಂತೆ! ಹಾಗೆಂದು ಅವೆಲ್ಲ ಕಳ್ಳ ಹಡಗುಗಳೆನ್ನಲಾಗದು. ಸಂಕೇತ ಕಳುಹಿಸುವ ಸಾಧನ ಕಡ್ಡಾಯವಲ್ಲದ ಕಡೆಗಳೂ ಉಂಟು. ಚುಕ್ಕೆಯನ್ನು ಯಂತ್ರ ತೋರಿಸೀತು; ಅಪರಾಧವನ್ನು ನಿರ್ಣಯಿಸಬೇಕಾದವನು ಮನುಷ್ಯನೇ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2012ರಲ್ಲಿ ರಿಸ್ಯಾಟ್-1 ಹಾರಿತು. ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೊ ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹ ಬೆಂಗಳೂರಿನಲ್ಲಿ ಜೋಡಣೆಗೊಂಡು, 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲೇರಿತು.

ನಮ್ಮ ಸಂಘದ ಕರಾವಳಿಯ ಬಂಧುಗಳು ಕೇಳಬಹುದು: ಇಷ್ಟೆಲ್ಲ ಇದ್ದೂ ನಮ್ಮ ದೋಣಿ ಸಿಗಲಿಲ್ಲವೇಕೆ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ 7 ಮಂದಿ ಮೀನುಗಾರರೊಡನೆ ಹೊರಟ 'ಸುವರ್ಣ ತ್ರಿಭುಜ' ಕಣ್ಮರೆಯಾಯಿತು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲಿನ ತಳದಲ್ಲಿ ಕಂಡುಹಿಡಿದದ್ದು 2019ರ ಮೇ ತಿಂಗಳಲ್ಲಿ. ರಾಡಾರಿನ ಅಲೆಗಳು ನೀರಿನೊಳಕ್ಕೆ ಇಳಿಯಲಾರವು. ಮುಳುಗಿದ್ದನ್ನು ಯಾವ ನರಜಾಲವೂ ಅದರ ಚಿತ್ರದಲ್ಲಿ ಹುಡುಕಿಕೊಡಲಾರದು. ತೇಲುವ ದೋಣಿಯಾದರೂ ತೀರ ಚಿಕ್ಕದಾಗಿದ್ದರೆ ಎಷ್ಟೋ ಉಪಗ್ರಹಗಳ ಕಣ್ಣಿಗೆ ಬೀಳದು.

ಆದ್ದರಿಂದ ಯಂತ್ರದ ತೆರೆಯಲ್ಲಿ ಚುಕ್ಕೆಯಿಲ್ಲವೆಂದು ಹುಡುಕುವುದನ್ನು ಬಿಡಬಾರದು. ಚುಕ್ಕೆ ಕಂಡಾಗ ಅಂದಿನ ಅಧಿಕಾರಿಯಂತೆ ಚಿಂತೆ ಬೇಡವೆನ್ನಲೂ ಬಾರದು. ಯಂತ್ರ ಎಷ್ಟೇ ಕಲಿಯಲಿ, ಆ ಫೋನನ್ನು ಎತ್ತಿಕೊಳ್ಳುವವರು ನಾವೇ.