ಲಿಂಬೆರಸದಿಂದ ಮನೆಯಲ್ಲೇ ‘ನ್ಯಾನೊ ಜಿಂಕ್’ ಮಾಡಬಹುದಾ? ನಿಜ ಏನು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕಪ್ಪು ಮಣ್ಣಿನ ಹೊಲಗಳೇ ಹೆಚ್ಚು. ಸುಣ್ಣದ ಅಂಶವಿರುವ ಕ್ಷಾರ ಮಣ್ಣಿನಲ್ಲಿ ಸತು, ಅಂದರೆ ಜಿಂಕ್, ಬೆಳೆಗೆ ಸುಲಭವಾಗಿ ದಕ್ಕುವುದಿಲ್ಲ. ಹಾಗಾಗಿ ‘ನ್ಯಾನೊ ಜಿಂಕ್’ ಎಂದರೆ ರೈತರಿಗೆ ಕುತೂಹಲ ಸಹಜ. ಆದರೆ ‘ಜಿಂಕ್ ಪುಡಿಗೆ ಲಿಂಬೆರಸ ಹಾಕಿ ಕಾಸಿದರೆ ನ್ಯಾನೊ ರೆಡಿ’, ‘ನ್ಯಾನೊ ಎಲ್ಲಾ ಒಂದೇ’ ಎಂಬ ಮಾತುಗಳನ್ನು ನಂಬಬಹುದೇ?

ಚುಟುಕಾಗಿ ಹೇಳುವುದಾದರೆ: ಎರಡೂ ತಪ್ಪು.

ನ್ಯಾನೊ ಎಂದರೇನು?

1 ನ್ಯಾನೊಮೀಟರ್ ಎಂದರೆ 1 ಮಿಲಿಮೀಟರಿನ 10 ಲಕ್ಷದ ಒಂದು ಭಾಗ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಎನ್ನುತ್ತೇವೆ. ಕಣ 10 ಪಟ್ಟು ಚಿಕ್ಕದಾದರೆ, ಅಷ್ಟೇ ತೂಕದ ಪುಡಿಯ ಒಟ್ಟು ಮೇಲ್ಮೈ 10 ಪಟ್ಟು ಹೆಚ್ಚುತ್ತದೆ. ಆಗ ಅದರ ಗುಣವೂ ಬದಲಾಗುತ್ತದೆ. ದೊಡ್ಡ ಕಣದ ಜಿಂಕ್ ಆಕ್ಸೈಡ್ ಹಚ್ಚಿದರೆ ಮುಖ ಬೆಳ್ಳಗೆ ಕಾಣುತ್ತದೆ. ನ್ಯಾನೊ ಕಣದ ಸನ್‌ಸ್ಕ್ರೀನ್ ಹೆಚ್ಚು ಕಾಣುವುದಿಲ್ಲ. ವಸ್ತು ಮಾತ್ರ ಒಂದೇ.

ಮಾಡುವ ವಿಧಾನ ಏಕೆ ಮುಖ್ಯ?

ಒಂದೇ ಜೋಳದ ಹಿಟ್ಟಿನಿಂದ ರೊಟ್ಟಿಯೂ ಆಗುತ್ತದೆ, ಅಂಬಲಿಯೂ ಆಗುತ್ತದೆ. ಇದೂ ಹಾಗೆಯೇ.

• ದಹನ ವಿಧಾನ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ದಾರಿ. ಲೋಹದ ನೈಟ್ರೇಟ್ ಮತ್ತು ಯೂರಿಯಾದಂಥ ಇಂಧನದ ದ್ರಾವಣವನ್ನು ಸುಮಾರು 500 ಡಿಗ್ರಿ ಕುಲುಮೆಯಲ್ಲಿಟ್ಟರೆ ಅದು ತಾನೇ ಹೊತ್ತಿಕೊಂಡು ಉರಿಯುತ್ತದೆ. ನಿಮಿಷಗಳಲ್ಲಿ ಹಗುರವಾದ, ಸ್ಪಂಜಿನಂಥ ಆಕ್ಸೈಡ್ ಪುಡಿ ಸಿಗುತ್ತದೆ. ಇಂಧನ ಬದಲಾದರೆ ಉರಿಯ ಶಾಖ, ಕಣದ ಗಾತ್ರ ಎರಡೂ ಬದಲಾಗುತ್ತವೆ.

• ಒತ್ತಡದ ಪಾತ್ರೆ: ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಬಿಸಿನೀರಿನ ಒತ್ತಡದಲ್ಲಿ ಕಣಗಳು ನಿಧಾನವಾಗಿ ಬೆಳೆಯುತ್ತವೆ. ಜಿಂಕ್ ಆಕ್ಸೈಡ್ ಕಡ್ಡಿಯ ಆಕಾರವನ್ನೂ ಪಡೆಯಬಹುದು.

• ಸುಡುವ ಶಾಖ: ಹೆಚ್ಚು ಶಾಖದಲ್ಲಿ ಹೆಚ್ಚು ಹೊತ್ತು ಸುಟ್ಟರೆ ಕಣಗಳು ಅಂಟಿಕೊಂಡು ದೊಡ್ಡವಾಗುತ್ತವೆ. ಟೈಟಾನಿಯಂ ಡೈಆಕ್ಸೈಡ್ ಹರಳಿನ ರೂಪವೇ ಅನಟೇಸ್‌ನಿಂದ ರೂಟೈಲ್‌ಗೆ ಬದಲಾಗುತ್ತದೆ.

ಹಾಗಾದರೆ ಲಿಂಬೆರಸ?

ಲಿಂಬೆರಸ ಬಳಸಿ ಲ್ಯಾಬಿನಲ್ಲಿ ನ್ಯಾನೊ ಜಿಂಕ್ ಆಕ್ಸೈಡ್ ತಯಾರಿಸಿರುವುದು ನಿಜ. ಅಲ್ಲಿ ಬಳಸುವುದು ಜಿಂಕ್ ಲವಣ, ಅಳತೆ ಮಾಡಿದ ಶಾಖ, ಕೊನೆಗೆ ಕಣಗಳ ಪರೀಕ್ಷೆ. ಮನೆಯಲ್ಲಿ ಜಿಂಕ್ ಆಕ್ಸೈಡ್ ಪುಡಿಗೆ ಲಿಂಬೆರಸ ಹಾಕಿದರೆ ಅದರ ಸಿಟ್ರಿಕ್ ಆಮ್ಲ ಪುಡಿಯನ್ನು ಕರಗಿಸಿ ಜಿಂಕ್ ಸಿಟ್ರೇಟ್ ಎಂಬ ಲವಣ ಮಾಡುತ್ತದೆ. ಅದು ನ್ಯಾನೊ ಕಣವಲ್ಲ. ನೈಟ್ರೇಟ್ ತಂದು ಒಲೆಯ ಮೇಲೆ ಕಾಸುವುದಂತೂ ಅಪಾಯ: ಬೆಂಕಿ ಹೊತ್ತಬಹುದು, ವಿಷಾನಿಲ ಬರಬಹುದು.

ನೀವು ಏನು ಮಾಡಬಹುದು?

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸತುವಿನ ಕೊರತೆ ಇದ್ದರೆ ಯಾವ ಗೊಬ್ಬರ, ಎಷ್ಟು ಪ್ರಮಾಣ ಎಂಬುದನ್ನು ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಬಾಟಲಿಯ ಮೇಲೆ ‘ನ್ಯಾನೊ’ ಎಂದು ಬರೆದಿದ್ದರಷ್ಟೇ ಸಾಲದು. ಸತುವಿನ ಪ್ರಮಾಣ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ನೋಡಿ, ಬಿಲ್ ಪಡೆಯಿರಿ. ಲಿಂಬೆರಸದ ಮೆಸೇಜ್ ನಿಮ್ಮ ಗ್ರೂಪಿಗೂ ಬಂದರೆ, ಅದರ ಬದಲು ಇದನ್ನು ಫಾರ್ವರ್ಡ್ ಮಾಡಿ.