ಹಜಾರಕ್ಕೆ ಬಂದ ಕುಣಿತ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ‘ಚೇಂಬರ್ ಸಂಗೀತ’ವೆಂಬ ಒಂದು ಪ್ರಕಾರವುಂಟು. ಹಜಾರವೊಂದರಲ್ಲಿ ಕೆಲವೇ ಮಂದಿ ಕುಳಿತು ನುಡಿಸಿ, ಕೆಲವೇ ಮಂದಿ ಕೇಳುತ್ತಿದ್ದ ಸಂಗೀತವದು. ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ ಸೇರಿದ ಕ್ವಾರ್ಟೆಟ್ಟೇ ಅದರ ಗರ್ಭಗುಡಿ. ಕುಣಿತ ಅಲ್ಲಿಗೆ ಹೊಸತೇನೂ ಅಲ್ಲ. ಹೈಡನ್ನನ ಕ್ವಾರ್ಟೆಟ್ಟುಗಳಲ್ಲಿಯೇ ಮಿನುಯೆಟ್ ಇದೆ; ಆದರೆ ಅದು ಅರಮನೆಯ ಕುಣಿತ. ಪೇಟೆಯ ನೃತ್ಯಶಾಲೆಗಳ ಟ್ಯಾಂಗೊ, ಹೋಟೆಲುಗಳ ಜಾಜ್ ಈ ಗುಡಿಯ ಹೊಸ್ತಿಲು ದಾಟಿದ್ದು ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ. ನಮ್ಮ ಕಛೇರಿಯಲ್ಲಿ ಕೊನೆಗೆ ಬರಬೇಕಾದ ಜಾವಳಿ ಪಲ್ಲವಿಯ ಸ್ಥಾನದಲ್ಲಿ ಬಂದು ಕುಳಿತರೆ ಹೇಗೋ, ಹಾಗೆ.

ಈ ಇತಿಹಾಸವನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವವನು ಎರ್ವಿನ್ ಶುಲ್‌ಹಾಫ್. 1894ರಲ್ಲಿ ಪ್ರಾಗ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಆತ, ಆಸ್ಟ್ರಿಯದ ಸೈನ್ಯದಲ್ಲಿ ಸಿಪಾಯಿಯಾಗಿ ಯುದ್ಧವನ್ನು ಕಣ್ಣಾರೆ ಕಂಡ. ಯುದ್ಧ ಮುಗಿದ ಮೇಲೆ ಡ್ರೆಸ್ಡನ್ನಿನಲ್ಲಿದ್ದಾಗ, ಚಿತ್ರಕಾರ ಜಾರ್ಜ್ ಗ್ರೋಸನ ಬಳಿಯಿದ್ದ ಗ್ರಾಮಫೋನ್ ತಟ್ಟೆಗಳಿಂದ ಅವನಿಗೆ ಜಾಜ್‌ನ ಪರಿಚಯವಾಯಿತು.

ಕ್ವಾರ್ಟೆಟ್ಟಿಗಾಗಿ 1923ರಲ್ಲಿ ಆತ ರಚಿಸಿದ ಐದು ಕಿರುಕೃತಿಗಳು ಮರುವರ್ಷ ಸಾಲ್ಸ್‌ಬರ್ಗಿನಲ್ಲಿ ಪ್ರಥಮ ಪ್ರಯೋಗ ಕಂಡವು. ಮೊದಲನೆಯದು ವಿಯೆನ್ನಾದ ವಾಲ್ಟ್ಸ್. ವಾಲ್ಟ್ಸ್ ಮೂರೆಣಿಕೆಯ ಕುಣಿತವಷ್ಟೆ? ಈತನಾದರೋ ಅದನ್ನು ಸಮಸಂಖ್ಯೆಯ ತಾಳಕ್ಕೆ ಬರೆದಿಟ್ಟ! 1918ರಲ್ಲಿ ಕುಸಿದ ಸಾಮ್ರಾಜ್ಯವೊಂದು ತನ್ನ ಹಳೆಯ ಹೆಜ್ಜೆಗಳನ್ನು ನೆನೆದು ಎಡವುತ್ತಿರುವಂತೆ ನನಗೆ ಅದು ಕೇಳಿಸುತ್ತದೆ. ನಾಲ್ಕನೆಯದು ಟ್ಯಾಂಗೊ. ಅದರಲ್ಲಿ ವಿಲಾಸಕ್ಕಿಂತ ವಿಷಾದವೇ ಮಿಗಿಲು.

ಬರ್ಲಿನ್ ಬಾನುಲಿಯ ಕೋರಿಕೆಯ ಮೇರೆಗೆ 1930ರಲ್ಲಿ ಆತ ಸ್ಯಾಕ್ಸಫೋನ್ ಮತ್ತು ಪಿಯಾನೊಗಳಿಗಾಗಿ ‘ಹಾಟ್ ಸೊನಾಟ’ವನ್ನು ರಚಿಸಿದ. ಜಾಜ್‌ನ ನಡೆ ಶಾಸ್ತ್ರೀಯ ಸೊನಾಟದ ಚೌಕಟ್ಟಿನೊಳಗೆ ಸಲೀಸಾಗಿ ನೆಲೆಸಿತು. ಆದರೆ 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದರು. ಜರ್ಮನಿಯ ಬಾಗಿಲು ಅವನಿಗೆ ಮುಚ್ಚಿತು. 1938ರಲ್ಲಿ ಡ್ಯೂಸೆಲ್‌ಡಾರ್ಫಿನಲ್ಲಿ ‘ಪತಿತ ಸಂಗೀತ’ವೆಂಬ ಹೆಸರಿನ ಪ್ರದರ್ಶನವೊಂದು ನಡೆಯಿತು. ಸ್ಯಾಕ್ಸಫೋನ್ ನುಡಿಸುತ್ತಿರುವ ನೀಗ್ರೋ, ಅವನ ಎದೆಯ ಮೇಲೆ ಯಹೂದಿಯರ ನಕ್ಷತ್ರ—ಇದು ಅದರ ಭಿತ್ತಿಚಿತ್ರ. ಎರಡು ದ್ವೇಷಗಳನ್ನು ಒಂದೇ ಚಿತ್ರದಲ್ಲಿ ಬೆಸೆದಿದ್ದರು.

ಶುಲ್‌ಹಾಫ್ ಯಹೂದಿ, ಕಮ್ಯೂನಿಸ್ಟ್, ಮೇಲಾಗಿ ಜಾಜ್‌ಪ್ರಿಯ. ಜರ್ಮನ್ನರು ಪ್ರಾಗನ್ನು ಆಕ್ರಮಿಸಿಕೊಂಡ ಮೇಲೆ ಪಾರಾಗಲೆಂದು ಆತ ಸೋವಿಯತ್ ಪೌರತ್ವ ಪಡೆದ. ಹೊರಡುವ ಮೊದಲೇ, 1941ರ ಜೂನ್ ತಿಂಗಳಲ್ಲಿ, ಅವನನ್ನು ಸೆರೆಹಿಡಿದರು. 1942ರ ಆಗಸ್ಟ್ 18ರಂದು ಬವೇರಿಯದ ವ್ಯೂಲ್ತ್ಸ್‌ಬುರ್ಗ್ ಸೆರೆಶಿಬಿರದಲ್ಲಿ ಕ್ಷಯದಿಂದ ತೀರಿಕೊಂಡಾಗ ಆತನಿಗೆ 48 ವರ್ಷ.

ಕಾಲು ಗಂಟೆಯೂ ಹಿಡಿಯದ ಐದು ಕುಣಿತಗಳಲ್ಲಿ ಅಂಥ ಅಪರಾಧವೇನಿತ್ತು? ಸಂಗೀತಕ್ಕೆ ರಕ್ತಶುದ್ಧಿ ಉಂಟೆಂದು ಸಾಧಿಸಹೊರಟವರಿಗೆ, ವಿಯೆನ್ನಾದ ವಾಲ್ಟ್ಸ್ ಮತ್ತು ದಕ್ಷಿಣ ಅಮೆರಿಕದ ಟ್ಯಾಂಗೊ ಒಂದೇ ಹಜಾರದಲ್ಲಿ ಜೊತೆಗೂಡುವುದೇ ಸಾಕಾದ ಉತ್ತರವಾಗಿತ್ತು. ದಶಕಗಳ ಮೌನದ ಬಳಿಕ ಕ್ವಾರ್ಟೆಟ್ ತಂಡಗಳು ಆ ಐದನ್ನೂ ಮತ್ತೆ ಕೈಗೆತ್ತಿಕೊಂಡಿವೆ. ಕೇಳುವಾಗ ನನ್ನ ಕಾಲು ತಾನಾಗಿ ತಾಳ ಹಾಕತೊಡಗುತ್ತದೆ. ಒಮ್ಮೆಲೇ ಆ ಶಿಬಿರದ ನೆನಪಾಗಿ ನಿಲ್ಲುತ್ತದೆ. ಸಂಗೀತ ಮಾತ್ರ ನಿಲ್ಲುವುದಿಲ್ಲ.