ಬೊಮ್ಮ ದುಡಿದ ಬಂದರಿನಲ್ಲಿ ಒಂದು ದಿನ

ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು, ಸಿಟಿ ಬಸ್ ಹಿಡಿದು, ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ನಾವು ಮೂವರು ಇಳಿದಾಗ ಬೆಳಗ್ಗೆ ಆರು ಗಂಟೆ. ಮೇ ತಿಂಗಳು. ಬಿಸಿಲು ಬರುವ ಮೊದಲೇ ಸೆಕೆ ಬಂದಿತ್ತು. ಯಾವ ಸುದ್ದಿಗೂ ಹೋಗಿರಲಿಲ್ಲ. ಒಂದು ದಿನ ಸುಮ್ಮನೆ ಹಳೇ ಬಂದರು ಸುತ್ತೋಣ, ಆಟೋ ಹತ್ತುವುದು ಬೇಡ ಅಂತ ಮಾತಾಡಿಕೊಂಡಿದ್ದೆವು. ಒಂದೊಂದು ಬನ್ಸ್ ತಿಂದು, ಚಹಾ ಕುಡಿದು ದಕ್ಕೆಯ ಕಡೆ ನಡೆದೆವು.

ಮೀನಿನ ದಕ್ಕೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಮೇ ಅಂದರೆ ಎಲ್ಲರಿಗೂ ಅವಸರ. ಬಂಗುಡೆ, ಬೂತಾಯಿ ಬುಟ್ಟಿಗಳ ಸುತ್ತ ತುಳು, ಬ್ಯಾರಿ, ಕನ್ನಡ ಮೂರೂ ಬೆರೆತ ಏಲಂ ಕೂಗು. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಸರಕಿನ ದಕ್ಕೆ. ಮರದ ದೊಡ್ಡ ಮಂಜಿಗಳು ಕಟ್ಟಿ ನಿಂತಿದ್ದವು. ಅಕ್ಕಿ, ಈರುಳ್ಳಿ, ಸಿಮೆಂಟ್ ಚೀಲ ಎಲ್ಲ ಲಕ್ಷದ್ವೀಪಕ್ಕೆ. ಮಳೆಗಾಲದಲ್ಲಿ ಇವು ಓಡುವುದಿಲ್ಲ. ದ್ವೀಪದವರು ಮಳೆಗಾಲ ಕಳೆಯಬೇಕಾದ ಸಾಮಾನು ಈಗಲೇ ಹೋಗಬೇಕು.

ಚೀಲ ಹೊರುತ್ತಿದ್ದವರಲ್ಲಿ ಒಬ್ಬರು ಕೊಪ್ಪಳ ಕಡೆಯವರು. ಅಭ್ಯಾಸಬಲ, ನಾವು ಪಾಕೆಟ್ ನೋಟು ತೆಗೆದು ಹೆಸರು ಕೇಳಿದೆವು. "ನನ್ನ ಹೆಸರು ಬರಕೊಂಡು ಏನ್ ಮಾಡ್ತೀರ್ರಿ ಸರ? ಮಾಲೀಕರ ಹೆಸರು ಬರಕೋರ್ರಿ" ಅಂದರು. ನಗುತ್ತಲೇ ಹೇಳಿದರು. ನಾವೂ ನಕ್ಕೆವು. ಆದರೆ ಆ ಮಾತು ದಿನವಿಡೀ ನಮ್ಮ ಜೊತೆ ನಡೆಯಿತು.

ಈ ಬಂದರು ಎಷ್ಟು ಹಳೆಯದು ಅಂತ ಕೇಳಿದರೆ, ಮೊದಲು ನೀರನ್ನು ನೋಡಬೇಕು. ಉತ್ತರದಿಂದ ಗುರುಪುರ ಹೊಳೆ (ಫಲ್ಗುಣಿ), ಪೂರ್ವದಿಂದ ನೇತ್ರಾವತಿ ಬಂದು ಕಡಲ ಹತ್ತಿರ ಸೇರುತ್ತವೆ. ಕಡಲಿಗೂ ಹೊಳೆಗೂ ನಡುವೆ ಮರಳಿನ ದಿಬ್ಬ. ಅದರ ಹಿಂದೆ ನಿಂತ ದೋಣಿಗೆ ಅಲೆಯ ಹೊಡೆತ ಇಲ್ಲ. ಅರಬ್ಬರ ಹಡಗುಗಳು ಬೇಸಿಗೆಯ ಕೊನೆಯ ಗಾಳಿ ಹಿಡಿದು ಬಂದು, ಚಳಿಗಾಲದ ಗಾಳಿಯಲ್ಲಿ ವಾಪಸ್ ಹೋಗುತ್ತಿದ್ದವು. ಹೋಗುವಾಗ ತುಂಬಿಕೊಳ್ಳುತ್ತಿದ್ದದ್ದು ನಮ್ಮ ಕಡೆಯ ಮಾಲು: ಮೆಣಸು, ಏಲಕ್ಕಿ, ಶುಂಠಿ, ಅಡಿಕೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಪರ್ಶಿಯಾ ಮತ್ತು ಯೆಮನ್ ವ್ಯಾಪಾರಿಗಳು ಹೆಚ್ಚಾಗಿ ಇಳಿಯುವುದು ಇಲ್ಲೇ, ಮೆಣಸು ಶುಂಠಿ ಇಲ್ಲಿ ಹೇರಳ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದಾರೆ ಎಂದು ಬರೆದಿದ್ದಾನೆ. ಬಂದರಿನ ಗಲ್ಲಿಗಳ ನಡುವಿನ ಝೀನತ್ ಬಕ್ಷ್ ಜುಮಾ ಮಸೀದಿ ಕ್ರಿ.ಶ. 644ರದ್ದು ಎಂಬುದು ಅಲ್ಲಿನವರ ನಂಬಿಕೆ. ಕೇಳಿಕೊಂಡು ಒಳಗೆ ಹೋದೆವು. ಕೆತ್ತನೆಯ ಮರದ ಕಂಬ ನೋಡಿದರೆ ಕರಾವಳಿಯ ಯಾವುದೋ ಹಳೇ ಗುತ್ತಿನ ಮನೆಯೋ, ದೇವಸ್ಥಾನದ ಚಾವಡಿಯೋ ನೆನಪಾಗುತ್ತದೆ. ಕೆತ್ತಿದ ಬಡಗಿಗಳು ಇಲ್ಲಿಯವರೇ ಇರಬೇಕು.

ಹನ್ನೊಂದು ಗಂಟೆಗೆ ಒಂದೊಂದು ಪುನರ್ಪುಳಿ ಶರಬತ್ತು ಕುಡಿದು ನೆರಳಲ್ಲಿ ಕೂತೆವು. ಬೊಮ್ಮನ ಕಥೆ ಶುರುವಾದದ್ದು ಅಲ್ಲಿ.

ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ. ಹುಟ್ಟೂರು ಆಫ್ರಿಕಾದ ಟ್ಯುನೀಸಿಯಾ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಬಿಟ್ಟು ಹೋದ. ಅಶು ಎಂಬ ಇಲ್ಲಿಯ ಹೆಣ್ಣುಮಗಳನ್ನು 1132ರ ಅಕ್ಟೋಬರ್ 17ರಂದು ಗುಲಾಮಗಿರಿಯಿಂದ ಬಿಡಿಸಿದ ಪತ್ರ ಸಿಕ್ಕಿದೆ. ಆಕೆಯನ್ನೇ ಮದುವೆಯಾದ ಎಂದು ವಿದ್ವಾಂಸರು ಊಹಿಸುತ್ತಾರೆ. ಮಂಗಳೂರಿನಲ್ಲಿ ಅವನದೊಂದು ಕಂಚಿನ ಕಾರ್ಖಾನೆ ಇತ್ತು. ಯೆಮನ್ ದೇಶದ ಏಡನ್ ಬಂದರಿನಿಂದ ಗೆಳೆಯರು ಒಡೆದ ಹಳೇ ಪಾತ್ರೆ ಕಳಿಸುತ್ತಿದ್ದರು, ಇಲ್ಲಿ ಅದನ್ನು ಕರಗಿಸಿ ಹೊಸದು ಮಾಡಿ ಕಳಿಸಬೇಕಿತ್ತು. ಜೊತೆಗೆ ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ.

ಏಲಕ್ಕಿಯ ತಕರಾರೂ ಆ ಕಾಗದಗಳಲ್ಲಿದೆ. ಸ್ಥಳೀಯ ಮಧ್ಯವರ್ತಿಯೊಬ್ಬ ಮುಂಗಡ ಹಣ ಪಡೆದು ಮಾಲು ಕೊಡದೆ ಸತಾಯಿಸಿದ. ಏಡನ್‌ನಿಂದ ಪತ್ರದ ಮೇಲೆ ಪತ್ರ, ಅವನನ್ನು ಬಿಡಬೇಡ ಅಂತ. ಏಲಕ್ಕಿ ಬೆಳೆದ ಮನೆಗಳಲ್ಲಿ ಹುಟ್ಟಿದ ನಮಗೆ ಈ ಮಧ್ಯವರ್ತಿಯ ಮುಖ ಚೆನ್ನಾಗಿ ಗೊತ್ತು. ನಮ್ಮ ಅನುಭವದಲ್ಲಿ ಹಣ ಸಿಗದೆ ಅಲೆದದ್ದು ಬೆಳೆದವನು. ಇಲ್ಲಿ ಒಮ್ಮೆಯಾದರೂ ಕೊಂಡವನು ಅಲೆದಿದ್ದಾನೆ.

ಬೆನ್ ಯಿಜು ಬಳಿ ಒಬ್ಬ ಆಳು ಇದ್ದ. ಕಾಗದದಲ್ಲಿ ಅವನನ್ನು ಗುಲಾಮ ಎಂದೇ ಬರೆದಿದೆ. ಆದರೆ ಯಜಮಾನನ ಪರವಾಗಿ ಹಡಗು ಹತ್ತಿ ಏಡನ್‌ಗೆ ಹೋಗಿ, ಅಲ್ಲಿ ಯಜಮಾನನ ಲೆಕ್ಕದಿಂದ ಹಣ ಪಡೆದು ವ್ಯವಹಾರ ಮಾಡಿ ಬರುತ್ತಿದ್ದ. 1148ರಲ್ಲಿ ಏಡನ್‌ನ ವ್ಯಾಪಾರಿಯೊಬ್ಬ ಬೆನ್ ಯಿಜುಗೆ ಬರೆದ ಪತ್ರದಲ್ಲಿ ಆ ಆಳಿಗೂ ಹೆಸರು ಹೇಳಿ ಶುಭಾಶಯ ತಿಳಿಸಿದ್ದಾನೆ. ಅರೇಬಿಕ್ ಭಾಷೆ, ಹೀಬ್ರೂ ಲಿಪಿ. ಆ ಲಿಪಿಯಲ್ಲಿ ನಮ್ಮಂತೆ ಕಾಗುಣಿತ ಇಲ್ಲ, ಬ-ಮ ಅಂತ ಅಕ್ಷರ ಮಾತ್ರ. ಬಾಮಾ? ಬೀಮಾ? ಯಾವ ದೇಶದವನು? ಲೇಖಕ ಅಮಿತಾವ್ ಘೋಷ್ ಈ ಪ್ರಶ್ನೆ ಹಿಡಿದು ಮಂಗಳೂರಿಗೇ ಬಂದರು. ಇಲ್ಲಿಯ ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಗಂಟು ಬಿಚ್ಚಿತು: ಬೊಮ್ಮ. ಬ್ರಹ್ಮ ಹೋಗಿ ಬೊಮ್ಮ ಆಗುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬೊಮ್ಮಣ್ಣ, ಬೊಮ್ಮೇಗೌಡ, ಬೊಮ್ಮನಹಳ್ಳಿ ಎಲ್ಲ ಇರುವ ನಾಡಲ್ಲವೇ. ಘೋಷ್ ಅವರ ಪುಸ್ತಕ ಬಂದದ್ದು 1992ರಲ್ಲಿ.

ಈ ಕಾಗದಗಳು ಉಳಿದದ್ದೂ ಒಂದು ವಿಚಿತ್ರ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಎಸೆಯಬಾರದು ಎಂಬುದು ಯಹೂದಿಗಳ ಪದ್ಧತಿ. ಬೆನ್ ಯಿಜು ಊರು ಬಿಟ್ಟು ಹೋಗುವಾಗ ತನ್ನ ಕಾಗದ ಒಯ್ದ. ಅವು ಈಜಿಪ್ಟಿನ ಕೈರೋದಲ್ಲಿ ಒಂದು ಪ್ರಾರ್ಥನಾ ಮಂದಿರದ ಕೋಣೆ ಸೇರಿ, ಒಣ ಹವೆಯಲ್ಲಿ ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಕೆಡದೆ ಕೂತವು. ಮಂಗಳೂರಿನಲ್ಲೇ ಬಿಟ್ಟಿದ್ದರೆ? ಈ ಊರಿನ ಮಳೆ, ಗೆದ್ದಲು ನೋಡಿದವರಿಗೆ ಉತ್ತರ ಗೊತ್ತು. ಆಗ ಇಲ್ಲಿ ಬರೆಯಲು ಇದ್ದದ್ದು ತಾಳೆಗರಿ. ಬೆನ್ ಯಿಜುಗೆ ಕಾಗದವನ್ನೂ ಏಡನ್‌ನ ಗೆಳೆಯರೇ ಉಡುಗೊರೆಯಾಗಿ ಕಳಿಸುತ್ತಿದ್ದರು. ಬಂದರಿನ ಗಲ್ಲಿಗಳಲ್ಲಿ ಅವನ ಕಾರ್ಖಾನೆ ಎಲ್ಲಿತ್ತೋ, ಬೊಮ್ಮ ಎಲ್ಲಿ ಮಲಗುತ್ತಿದ್ದನೋ. ನಾವು ನಡೆದ ದಾರಿಯಲ್ಲಿ ಅವರ ಹೆಸರಿನ ಒಂದು ಬೋರ್ಡೂ ನಮಗೆ ಕಾಣಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ, ಹಂಪನಕಟ್ಟೆ ದಾಟಿ ಬಲ್ಮಠದ ಏರು ಹತ್ತಿದೆವು. ಆ ಬಿಸಿಲಲ್ಲಿ ಅದು ಬುದ್ಧಿವಂತರ ಕೆಲಸವಲ್ಲ. ಆದರೆ ಪತ್ರಿಕೋದ್ಯಮ ಓದಿದವರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಜಾಗ ನೋಡದೆ ಹೋಗುವುದು ಹೇಗೆ? 1834ರಲ್ಲಿ ಮಿಷನ್ನಿನವರು ಇದೇ ಬಂದರಿನಲ್ಲಿ ಇಳಿದರು. ನಮ್ಮೂರ ಶಾಲೆಗಳ ಮೇಲಿನ ಹೆಂಚು ಅವರ ಬಳುವಳಿ: ಮೊದಲ ಹೆಂಚಿನ ಕಾರ್ಖಾನೆಯನ್ನು ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದರು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಿಷನ್ನಿನ ಪ್ರೆಸ್ಸಿನಲ್ಲಿ. ಅದಕ್ಕೂ ಎಷ್ಟೋ ಮೊದಲು, 1843ರ ಜುಲೈ 1ರಂದು, ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿಸಿದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಕನ್ನಡದ ಮೊದಲ ಪತ್ರಿಕೆ. ಒಂದು ವರ್ಷವೂ ತುಂಬುವ ಮೊದಲೇ, 1844ರಲ್ಲಿ, ಬಳ್ಳಾರಿಗೆ ಹೋಯಿತು. ಜುಲೈ 1ಕ್ಕೆ ನಾವೆಲ್ಲ ಶಾಲು ಹೊದಿಸಿಕೊಂಡು ಫೋಟೋ ತೆಗೆಸಿಕೊಳ್ಳುವ ಪತ್ರಿಕಾ ದಿನಾಚರಣೆ ಇದರದ್ದೇ. ಕಾಲಂ ಅಳೆದು ಕೊಡುವ ಸಂಭಾವನೆ ಮಾತ್ರ ಆ ದಿನವೂ ಬರುವುದಿಲ್ಲ, ಇರಲಿ.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರು ಹಡಗು ಗುರುಪುರ ಹೊಳೆಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು. ಅದೇ ವರ್ಷ ಮಾರ್ಚ್ 11ಕ್ಕೆ ಇಂಗ್ಲಿಷರೊಂದಿಗೆ ಮಂಗಳೂರು ಒಪ್ಪಂದ ಆಗಿತ್ತು. ಒಪ್ಪಂದ ಆದ ಮೇಲೂ ಬತ್ತೇರಿ ಬೇಕಾಯಿತು ಅನ್ನುವುದರಲ್ಲೇ ಆ ಕಾಲದ ನಂಬಿಕೆ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಮೆಟ್ಟಿಲು ಹತ್ತಿ, ತೂತುಗಳಲ್ಲಿ ಇಣುಕಿದೆವು. ಕಂಡದ್ದು ಮೀನಿನ ಬೋಟುಗಳು, ತಣ್ಣೀರುಬಾವಿಗೆ ಜನ ದಾಟಿಸುವ ದೋಣಿ.

ಹಡಗು ಕಾಣಬೇಕಾದರೆ ಉತ್ತರಕ್ಕೆ ಪಣಂಬೂರಿಗೆ ಹೋಗಬೇಕು. ಹಳೇ ಬಂದರಿನ ಬಾಯಿ ಹೂಳಿನಿಂದ ಆಳವಿಲ್ಲದ್ದು. ದೊಡ್ಡ ಹಡಗು ದೂರ ಕಡಲಲ್ಲೇ ನಿಂತು, ಮಾಲನ್ನು ದೋಣಿಯಲ್ಲಿ ಸಾಗಿಸಬೇಕಿತ್ತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ನವಮಂಗಳೂರು ಬಂದರು ಉದ್ಘಾಟಿಸಿದ ಮೇಲೆ ದೊಡ್ಡ ವ್ಯಾಪಾರ ಅತ್ತ ಹೋಯಿತು. ಇತ್ತ ಉಳಿದದ್ದು ಮೀನು ಮತ್ತು ಲಕ್ಷದ್ವೀಪದ ಮಂಜಿ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೆ ದಕ್ಕೆಗೆ ನಡೆದೆವು. ಬೆಳಗ್ಗೆ ನೋಡಿದ ಮಂಜಿ ತುಂಬಿ, ನೀರಲ್ಲಿ ಇಳಿದು ನಿಂತಿತ್ತು. ಕೊಪ್ಪಳದವರು ನಲ್ಲಿ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ನಾವು ಬೊಮ್ಮನ ವಿಷಯ ಹೇಳಿದೆವು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪಾಕೆಟ್ ನೋಟು ತಾವೇ ಈಸಿಕೊಂಡು, ದಪ್ಪ ಅಕ್ಷರದಲ್ಲಿ ತಮ್ಮ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಬರೆದು ಕೊಟ್ಟರು. "ಪೇಪರಿಗೆ ಹಾಕಬ್ಯಾಡ್ರಿ, ನಿಮ್ಮ ಹತ್ರ ಇರಲಿ" ಅಂದರು.

ಆ ಹಾಳೆ ನಮ್ಮ ಹತ್ತಿರ ಇದೆ.